ತೊಲೆಗೆ ನಾರಿನ ಸರಳು

ಹಳೆಯ ತಾರಸಿ ಮನೆಯ ತೊಲೆಯ ಅಡಿಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿ, ಅದರ ಗುಂಟ ಕಾವಿಬಣ್ಣದ ಕಲೆ ಇಳಿದಿರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಸುಣ್ಣ ಬಳಿದರೆ ಕಲೆ ಮರೆಯಾದೀತು, ಕಾರಣ ಮರೆಯಾಗದು. ಕಾಂಕ್ರೀಟು ಒತ್ತಡವನ್ನು ತಾಳಬಲ್ಲುದು, ಎಳೆತವನ್ನು ತಾಳಲಾರದು. ಆದುದರಿಂದಲೇ ತೊಲೆಯ ತಳಭಾಗದಲ್ಲಿ ಉಕ್ಕಿನ ಸರಳುಗಳನ್ನು ಹುದುಗಿಸುತ್ತಾರೆ. ನೀರೂ ಗಾಳಿಯೂ ಒಳಹೊಕ್ಕು ಉಕ್ಕು ತುಕ್ಕಾದಾಗ ಅದರ ಗಾತ್ರ ಹಿಗ್ಗುತ್ತದೆ. ಹೊದಿಕೆಯ ಕಾಂಕ್ರೀಟು ಸಿಡಿದು ಬೀಳುತ್ತದೆ.

ಇಂಥ ತೊಲೆಗೆ ಬಲ ಕೂಡಿಸುವ ಒಂದು ಉಪಾಯವೆಂದರೆ ಹೊರಗಿನಿಂದ ಸರಳು ಹೂಳುವುದು. 1948ರಲ್ಲಿ ಸ್ವೀಡನ್ನಿನ ಒಂದು ಸೇತುವೆಯಲ್ಲಿ, ಮೇಲ್ಭಾಗದಲ್ಲಿರಬೇಕಾಗಿದ್ದ ಸರಳುಗಳು ಕಟ್ಟುವಾಗಲೇ ಕೆಳಕ್ಕೆ ಕುಸಿದುಬಿಟ್ಟಿದ್ದವು. ಸೇತುವೆಯನ್ನು ಒಡೆಯಲಿಲ್ಲ, ತೋಡು ಕೊರೆದು, ಹೊಸ ಸರಳನ್ನಿಟ್ಟು, ಸಿಮೆಂಟು ಗಾರೆಯಿಂದ ಮುಚ್ಚಿದರು. ಉಪಾಯ ಇಂದಿಗೂ ಅದೇ, ಸಾಮಗ್ರಿ ಮಾತ್ರ ಬೇರೆ. ಗಾಜಿನ ಅಥವಾ ಇಂಗಾಲದ ಸೂಕ್ಷ್ಮ ನಾರುಗಳನ್ನು ರಾಳದಲ್ಲಿ ತೋಯಿಸಿ, ಅಚ್ಚಿನ ಮೂಲಕ ಎಳೆದು ಸರಳು ಮಾಡುತ್ತಾರೆ. ಗಾಜುನಾರಿನ ಸರಳಿನ ತೂಕ ಉಕ್ಕಿನದರ ಕಾಲುಭಾಗದಷ್ಟು. ಎಳೆತ ತಾಳುವುದರಲ್ಲಿ ಅದು ಸಾಮಾನ್ಯ ಉಕ್ಕನ್ನು ಮೀರಿಸುತ್ತದೆ. ತುಕ್ಕಿನ ಮಾತೇ ಇಲ್ಲ. ಹೊದಿಕೆಯಲ್ಲಿ ತೋಡು ಕೊರೆದು, ಅರ್ಧಕ್ಕೆ ಎಪಾಕ್ಸಿ ಅಂಟು ತುಂಬಿ, ಸರಳನ್ನು ಅದುಮಿ, ಮತ್ತೆ ಅಂಟು ಸವರಿ ಸಮಮಾಡುತ್ತಾರೆ. ತೋಡಿನಲ್ಲಿ ಧೂಳು ಉಳಿಯಿತೋ, ಅಂಟು ಧೂಳನ್ನು ಹಿಡಿದೀತೇ ಹೊರತು ಕಾಂಕ್ರೀಟನ್ನು ಹಿಡಿಯದು.

ಇಷ್ಟಕ್ಕೇ ಮರುಳಾಗಬೇಕಾಗಿಲ್ಲ. ಉಕ್ಕು ಮುರಿಯುವ ಮುನ್ನ ಹಿಗ್ಗುತ್ತದೆ. ತೊಲೆ ಜೋತು ಮನೆಯವರಿಗೆ ಎಚ್ಚರಿಕೆ ಕೊಡುತ್ತದೆ. ನಾರಿನ ಸರಳಿಗೆ ಆ ದಾಕ್ಷಿಣ್ಯವಿಲ್ಲ: ಕಡೆಯವರೆಗೂ ತಾಳಿ ಥಟ್ಟನೆ ತುಂಡಾಗುತ್ತದೆ, ಇಲ್ಲವೆ ಅಂಟಿನೊಡನೆ ಕಳಚಿಕೊಳ್ಳುತ್ತದೆ. ಗಾಜುನಾರಿನ ಬಿಗುವೂ ಉಕ್ಕಿನದರ ಸುಮಾರು ಕಾಲುಭಾಗ ಮಾತ್ರ. ಆದುದರಿಂದ ತೊಲೆಯ ಬಾಗು ಹೆಚ್ಚಾಗಿ ತಗ್ಗದು. ಬಿಗುವು ಬೇಕಾದಲ್ಲಿ ಇಂಗಾಲದ ನಾರುಂಟು, ಬೆಲೆಯೂ ಅದಕ್ಕೆ ತಕ್ಕಂತೆ. ಎಲ್ಲಕ್ಕಿಂತ ದೊಡ್ಡ ಶತ್ರು ಬೆಂಕಿ. ಸಾಮಾನ್ಯ ಎಪಾಕ್ಸಿ ಅಂಟು ನೀರು ಕುದಿಯುವಷ್ಟು ಶಾಖ ಬರುವ ಮೊದಲೇ ಮೆದುವಾಗತೊಡಗುತ್ತದೆ. ಅದಕ್ಕಾಗಿಯೇ, ಹೊಸ ಸರಳು ಕೈಬಿಟ್ಟರೂ ಹಳೆಯ ತೊಲೆ ತನ್ನ ಭಾರವನ್ನೂ ಮನೆಯ ನಿತ್ಯದ ಭಾರವನ್ನೂ ಹೊತ್ತು ನಿಲ್ಲುವಂತಿದ್ದರೆ ಮಾತ್ರ ಬಲ್ಲ ಇಂಜಿನಿಯರರು ಈ ಚಿಕಿತ್ಸೆಗೆ ಒಪ್ಪುತ್ತಾರೆ. ಅಷ್ಟೂ ಶಕ್ತಿಯಿಲ್ಲದ ತೊಲೆಗೆ ಬೇರೆ ಆಸರೆಯೇ ಬೇಕು.

ಗುತ್ತಿಗೆದಾರರು “ಹೊಸ ಸರಳು ಹಾಕಿಬಿಟ್ಟರೆ ಸಾಕು ಸ್ವಾಮೀ” ಎಂದರೆ, ಹಳೆಯ ಸರಳಿನ ತುಕ್ಕನ್ನು ಏನು ಮಾಡುವಿರೆಂದು ಮೊದಲು ಕೇಳಿರಿ. ತುಕ್ಕನ್ನು ಒಳಗೇ ಬಿಟ್ಟು ಮುಚ್ಚಿದರೆ, ಹೊದಿಕೆ ಸಿಡಿಯುವ ದಿನ ಹೊಸ ಸರಳೂ ಅದರೊಡನೆಯೇ ಕೆಳಗಿಳಿಯುತ್ತದೆ.