ಮಾರಾಟವೋ, ಬಾಡಿಗೆಯೋ?

ಸರಕು ಕೊಟ್ಟು ಹಣ ಪಡೆದ ವರ್ತಕನು ಮರುದಿನ ಗ್ರಾಹಕನ ಮನೆಗೆ ಹೋಗಿ ಅದೇ ಸರಕನ್ನು ಹೊತ್ತು ತರಲಾರನು. ಹಣ ಹಿಂದಿರುಗಿಸುತ್ತೇನೆಂದರೂ ಆ ಅಧಿಕಾರ ಅವನಿಗಿಲ್ಲ. ಮಾರಾಟವೆಂದರೆ ಒಡೆತನದ ವರ್ಗಾವಣೆ. 1930ರ ಸರಕು ಮಾರಾಟ ಅಧಿನಿಯಮದ ತಿರುಳೂ ಇದೇ ಆಗಿದೆ.

ಡಿಜಿಟಲ್ ಪುಸ್ತಕ, ಸಂಗೀತ, ಚಲನಚಿತ್ರಗಳ ವ್ಯಾಪಾರದಲ್ಲಿ ಮಾತ್ರ ಈ ನಿಯಮ ಸದ್ದಿಲ್ಲದೆ ಬದಲಾಗಿದೆ. 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆಯು ಅಮೆರಿಕದ ಗ್ರಾಹಕರು ಕೊಂಡಿದ್ದ ಜಾರ್ಜ್ ಆರ್ವೆಲ್ ಅವರ ‘1984’ ಮತ್ತು ‘ಅನಿಮಲ್ ಫಾರ್ಮ್’ ಕೃತಿಗಳ ಪ್ರತಿಗಳನ್ನು ಅವರ ಕಿಂಡಲ್ ಸಾಧನಗಳಿಂದ ದೂರದಿಂದಲೇ ಅಳಿಸಿಹಾಕಿತು. ಆ ಆವೃತ್ತಿಗಳನ್ನು ಮಾರಾಟಕ್ಕಿಟ್ಟಿದ್ದವರಿಗೆ ಹಕ್ಕಿರಲಿಲ್ಲವೆಂಬುದು ಕಾರಣ. ಸಂಸ್ಥೆಯು ಹಣ ಮರಳಿಸಿತು, ಬಳಿಕ ಕ್ಷಮೆಯನ್ನೂ ಯಾಚಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಕೊಂಡ ಪುಸ್ತಕಗಳೂ ಮಾಯವಾದವು, ಹಣವಷ್ಟೇ ಮರಳಿತು. ಗ್ರಾಹಕರಿಗೆ ದೊರೆತಿದ್ದುದು ಪುಸ್ತಕವಲ್ಲ, ಷರತ್ತುಬದ್ಧ ಪರವಾನಗಿ.

ಕೃತಿಸ್ವಾಮ್ಯಕ್ಕೆ ರಕ್ಷಣೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ನಕಲಿ ಸರಕಿನಿಂದ ನಷ್ಟವುಂಡ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಕಲು ತಡೆಯಲು ಬೀಗ ಹಾಕುವುದು ಬೇರೆ, ಕೊಂಡವನ ಕಪಾಟಿನ ಕೀಲಿಕೈಯನ್ನು ಮಾರಿದವನೇ ಇಟ್ಟುಕೊಳ್ಳುವುದು ಬೇರೆ.

ಇದು ಪುಸ್ತಕ, ಸಂಗೀತಗಳಿಗೆ ಸೀಮಿತವಾದ ವಿಷಯವೆಂದು ಸಣ್ಣ ಉದ್ಯಮಿಗಳು ಸುಮ್ಮನಿರುವಂತಿಲ್ಲ. ಡಿಜಿಟಲ್ ಬೀಗ ಮುರಿಯುವುದನ್ನು ನಿಷೇಧಿಸಿದ ಅಮೆರಿಕದ 1998ರ ಕಾಯಿದೆಯನ್ನೇ ಹಿಡಿದು ಲೆಕ್ಸ್‌ಮಾರ್ಕ್ ಪ್ರಿಂಟರ್ ಕಂಪನಿಯು, ಬದಲಿ ಟೋನರ್ ಕಾರ್ಟ್ರಿಜ್‌ಗಳಿಗೆ ಚಿಪ್ ತಯಾರಿಸಿದ ಸಂಸ್ಥೆಯ ವಿರುದ್ಧ 2002ರಲ್ಲಿ ದಾವೆ ಹೂಡಿತು. ಕೆಳ ನ್ಯಾಯಾಲಯ ನೀಡಿದ್ದ ತಡೆಯಾಜ್ಞೆಯನ್ನು 2004ರಲ್ಲಿ ಮೇಲ್ಮನವಿ ನ್ಯಾಯಾಲಯ ತೆರವುಗೊಳಿಸಿತು. ಅಷ್ಟರವರೆಗೆ ಆ ತಯಾರಕರ ಪಾಡೇನು?

ನಮ್ಮ ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ಸೇರಿದ 65ಎ ಕಲಮು ಈ ವಿಷಯದಲ್ಲಿ ಹೆಚ್ಚು ವಿವೇಕದ್ದು: ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವರಿಗೆ ಮಾತ್ರ ಶಿಕ್ಷೆ. ಈ ಉದ್ದೇಶದ ಮಾತನ್ನು ಮುಂದಿನ ಯಾವ ತಿದ್ದುಪಡಿಯಲ್ಲೂ ಬಿಟ್ಟುಕೊಡಬಾರದು.

ಇನ್ನೊಂದು ಹೆಜ್ಜೆಯೂ ಅಗತ್ಯ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ, ಕೇವಲ ಪರವಾನಗಿ ಕೊಡುವವರು ಆ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎಂಬ ಪದವನ್ನು ಬಳಸುವಂತಿಲ್ಲ. ಅಂತಹುದೇ ನಿಯಮ ನಮ್ಮಲ್ಲಿಯೂ ಬರಲೆಂದು ವಾಣಿಜ್ಯ ಸಂಸ್ಥೆಗಳು ಕೇಂದ್ರ ಸರ್ಕಾರವನ್ನು ಒತ್ತಾಯಿಸಬೇಕು. ಬಾಡಿಗೆಯನ್ನು ಮಾರಾಟವೆಂದು ಕರೆಯುವುದು ಪೇಟೆಯಲ್ಲಿ ಮೋಸವಾದರೆ, ಕಂಪ್ಯೂಟರಿನ ಪರದೆಯ ಮೇಲೂ ಮೋಸವೇ.