ಹಲಾಲ್ ಸರಿ, ಮಕ್ಕಳ ಕೈಗೆ ಕೊಡಬಹುದೇ?

“ಉಸ್ತಾದ್, ಎನರ್ಜಿ ಡ್ರಿಂಕ್ ಹಲಾಲಾ, ಹರಾಮಾ?”

ಅನುಗೊಂಡನಹಳ್ಳಿಯ ನಮ್ಮ ಮದ್ರಸದಲ್ಲಿ ಐದನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಕೇಳುವಾಗ ಅವನ ಬ್ಯಾಗಿನ ಬದಿಯಲ್ಲಿ ಅರ್ಧ ಕುಡಿದ ಕೆಂಪು ಬಾಟಲಿ ಇತ್ತು. ಕ್ಲಾಸಿನಲ್ಲಿ ಯಾರೋ ಹೇಳಿದ್ದರಂತೆ, ಅದನ್ನು ಗೂಳಿಯ ಮೈಯಿಂದ ತೆಗೆದ ರಸದಲ್ಲಿ ಮಾಡುತ್ತಾರೆ ಅಂತ.

ಈ ಮಾತು ಮೊಬೈಲ್‌ನಲ್ಲಿ ಎಷ್ಟೋ ವರ್ಷದಿಂದ ಓಡಾಡುತ್ತಿದೆ. ಅದಕ್ಕೆ ಒಂದು ಕಾರಣವೂ ಇದೆ. ಈ ಪಾನೀಯಗಳಲ್ಲಿ ಟೌರಿನ್ ಎಂಬ ವಸ್ತು ಇರುತ್ತದೆ. 1827ರಲ್ಲಿ ಜರ್ಮನಿಯ ವಿಜ್ಞಾನಿಗಳು ಅದನ್ನು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ. ಹೆಸರು ಬಂದದ್ದೂ ಹಾಗೆಯೇ. ಆದರೆ ಇಂದು ಪಾನೀಯಗಳಿಗೆ ಹಾಕುವ ಟೌರಿನ್ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾಗುವಂಥದ್ದು. ರೆಡ್ ಬುಲ್ ಡಬ್ಬಿಯ ಮೇಲೆ ಗೂಳಿಯ ಚಿತ್ರ ಇದೆ ಅಂದ ಮಾತ್ರಕ್ಕೆ ಒಳಗೆ ಗೂಳಿ ಇಲ್ಲ. ಲೇಬಲ್‌ನಲ್ಲಿ ಬಣ್ಣದ ಸಂಖ್ಯೆ 120 ಅಂತ ಇದ್ದರೆ ಮಾತ್ರ ಜಾಗ್ರತೆ ಬೇಕು. ಅದು ಒಂದು ಜಾತಿಯ ಕೀಟದಿಂದ ತೆಗೆಯುವ ಕೆಂಪು ಬಣ್ಣ. ಅದರ ಬಗ್ಗೆ ಉಲಮಾಗಳನ್ನು ಕೇಳಿಯೇ ಮುಂದುವರಿಯಿರಿ.

ಇನ್ನು ಕೆಫೀನ್. ಇದು ಅಮಲೇರಿಸುವ ವಸ್ತು ಅಲ್ಲ. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನೇ ನಿಷೇಧಿಸಿದ್ದ. ಆ ನಿಷೇಧ ಹೆಚ್ಚು ಕಾಲ ನಿಲ್ಲಲಿಲ್ಲ. ಕಾಫಿ ಮುಬಾಹ್ ಎಂಬುದೇ ಉಳಿಯಿತು. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರು ಎಂಬ ಕಥೆಯನ್ನು ನಾವೆಲ್ಲ ಕೇಳಿ ಬೆಳೆದವರು. ಹಾಗಾಗಿ ಕೆಫೀನ್ ಇದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಹರಾಮ್ ಅನ್ನಲಾಗದು.

ಆದರೆ ಮಾತು ಇಲ್ಲಿಗೆ ಮುಗಿಯುವುದಿಲ್ಲ. ಕುರ್‌ಆನ್ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಜೊತೆಗೆ ತಯ್ಯಿಬ್ ಅನ್ನುವುದನ್ನೂ ಸೇರಿಸುತ್ತದೆ. ಅಂದರೆ ಒಳ್ಳೆಯದು, ಹಿತವಾದದ್ದು. ಜೀವ ಮತ್ತು ಬುದ್ಧಿಯ ರಕ್ಷಣೆ ಶರೀಅತ್‌ನ ಮೂಲ ಉದ್ದೇಶಗಳಲ್ಲಿ ಸೇರಿದೆ. ದೊಡ್ಡವರಿಗೆ ಮುಬಾಹ್ ಆದದ್ದು, ಹಾನಿ ಆಗುವವನಿಗೆ ಮುಬಾಹ್ ಆಗಿ ಉಳಿಯುವುದಿಲ್ಲ. ಸಕ್ಕರೆ ಕಾಯಿಲೆಯವನಿಗೆ ಬೆಲ್ಲ ತಿನ್ನಿಸಿ, ‘ಹಲಾಲ್ ಅಲ್ವಾ’ ಅಂದರೆ ಆಗುತ್ತದಾ?

ಲೆಕ್ಕ ನೋಡಿ. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ಅಂದರೆ 250 ಮಿಲಿ ಬಾಟಲಿಯಲ್ಲಿ 75 ಮಿಲಿಗ್ರಾಂವರೆಗೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮಕ್ಕಳಿಗೆ ಹೇಳಿದ ಮಿತಿ ದೇಹದ ತೂಕದ ಕಿಲೋಗೆ 3 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ 60 ಮಿಲಿಗ್ರಾಂ ಆಯಿತು. ಒಂದೇ ಬಾಟಲಿ ಆ ಗೆರೆ ದಾಟಿಸಬಲ್ಲದು. ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರಿಗೆ ಇದು ಸೂಕ್ತವಲ್ಲ ಎಂದು ಬಾಟಲಿಯ ಮೇಲೆಯೇ ಬರೆದಿರಬೇಕು ಎಂಬುದು ಕಾನೂನು. ಬರೆದಿರುತ್ತದೆ, ಸಣ್ಣ ಅಕ್ಷರದಲ್ಲಿ. ನಾವು ಓದುವುದಿಲ್ಲ. ಲಿಥುವೇನಿಯಾ ದೇಶವಂತೂ 2014ರಲ್ಲೇ 18 ವರ್ಷದೊಳಗಿನವರಿಗೆ ಮಾರುವುದನ್ನೇ ನಿಲ್ಲಿಸಿತು.

ಹುಡುಗನಿಗೆ ಹೇಳಿದೆ, “ವಸ್ತು ಹರಾಮ್ ಅಲ್ಲ ಮೋನೇ, ಆದರೆ ನೀನು ಕುಡಿಯುವಂಥದ್ದಲ್ಲ.” ಅವನು ತಕ್ಷಣ ಕೇಳಿದ, “ಹಾಗಾದ್ರೆ ಬಾಪನ ಅಂಗಡಿಯಲ್ಲಿ ಯಾಕೆ ಮಾರ್ತಾರೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಊರು ಬಿಟ್ಟು ಬಂದ ನಮ್ಮವರು ಎಷ್ಟೋ ಮಂದಿ ಬೇಕರಿ, ಜ್ಯೂಸ್ ಅಂಗಡಿ ಇಟ್ಟುಕೊಂಡೇ ಮನೆ ನಡೆಸುವವರು. ಹೊಸಕೋಟೆ ಸುತ್ತ ಗೋದಾಮುಗಳು ಎದ್ದ ಮೇಲೆ ರಾತ್ರಿ ಪಾಳಿಯ ಹುಡುಗರಿಗೆ ಈ ಬಾಟಲಿಯೇ ಆಸರೆ. ಅದನ್ನು ಮಾರಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನೇ ಕಳೆದ ರಮಳಾನ್‌ನಲ್ಲಿ ತರಾವೀಹ್ ಮುಗಿಸಿ ದಿನಾ ಒಂದು ಕುಡಿದೆ. ಸಹರಿವರೆಗೆ ನಿದ್ದೆ ಇಲ್ಲ, ಎದೆ ಢವಢವ. ಹತ್ತು ದಿನಕ್ಕೆ ಬಿಟ್ಟೆ.

ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ. ಶಾಲೆಯ ಯೂನಿಫಾರ್ಮ್ ಹಾಕಿದ, ತಲೆಗೆ ಟೊಪ್ಪಿ ಇಟ್ಟು ಮದ್ರಸಕ್ಕೆ ಹೊರಟ ಮಗು ಇಪ್ಪತ್ತು ರೂಪಾಯಿ ಚಾಚಿದರೆ, “ಇದು ದೊಡ್ಡವರಿಗೆ” ಅನ್ನಿ. ಮಜ್ಜಿಗೆಯೋ ನಿಂಬೆ ಶರಬತ್ತೋ ಕೊಡಿ. ದಿನಕ್ಕೆ ನಾಲ್ಕು ಬಾಟಲಿಯ ವ್ಯಾಪಾರ ಕಡಿಮೆ ಆಗಬಹುದು. ರಿಝ್ಕ್ ಕೊಡುವವನು ಅಲ್ಲಾಹು ಎಂದು ನಾವೇ ಮಕ್ಕಳಿಗೆ ಕಲಿಸುತ್ತೇವಲ್ಲ.

ಉಮ್ಮಂದಿರಲ್ಲಿ ಒಂದು ಮಾತು. ಪರೀಕ್ಷೆಗೆ ಓದಲಿ ಎಂದು ರಾತ್ರಿ ಇದನ್ನು ಕೊಡಬೇಡಿ. ಬೇಗ ಮಲಗಿಸಿ, ಸುಬಹಿಗೆ ಎಬ್ಬಿಸಿ. ಜಮಾಅತ್ ಕಮಿಟಿಗಳು ಮದ್ರಸದ ಕಾರ್ಯಕ್ರಮಗಳಲ್ಲಿ ಈ ಬಾಟಲಿ ಹಂಚುವುದನ್ನು ನಿಲ್ಲಿಸಿದರೆ ಅದೇ ಒಳ್ಳೆಯ ಆರಂಭ. ಆ ಹುಡುಗ ಮತ್ತೆ ಕೇಳುವ ಮೊದಲು ಅವನ ಬಾಪನ ಹತ್ತಿರ ನಾನು ಮಾತನಾಡಬೇಕು. ಈ ಶುಕ್ರವಾರ ಜುಮಾ ಮುಗಿದ ಮೇಲೆ ಅವರ ಅಂಗಡಿಗೆ ಹೋಗುತ್ತೇನೆ, ಇನ್ಶಾ ಅಲ್ಲಾಹ್.