ಸತ್ತ ಜೇನನ್ನಷ್ಟೇ ಎಣಿಸಿದರೆ ಸಾಲದು

ಹೂ ಬಿಟ್ಟ ಹೊಲಕ್ಕೆ ಬೆಳಿಗ್ಗೆ ಔಷಧಿ ಹೊಡೆದರೆ ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿ ಕೆಲವು ಜೇನು ಸತ್ತು ಬಿದ್ದಿರುತ್ತವೆ. "ಹೋದ್ರೆ ಹೋಗ್ಲಿ ಬಿಡು, ಗೂಡಲ್ಲಿ ಸಾವಿರಾರು ಅವೆ" ಅನ್ನೋ ಮಾತು ನಮ್ಮ ರಾಯಚರ್ಲು ಕಡೆಯವರಿಗೆ ಹೊಸದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಬಂದು ಇಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಾವು ಈ ಲೆಕ್ಕವನ್ನು ಒಪ್ಪುವುದಿಲ್ಲ.

ಕಾರಣ ಇರೋದು ಜೇನಿನ ಮೆದುಳಿನಲ್ಲಿ. ಕೆಲಸಗಾರ ಜೇನು ಹುಟ್ಟಿದ ಮೇಲೆ ಎರಡು ಮೂರು ವಾರ ಗೂಡಿನೊಳಗೇ ಇದ್ದು ಮರಿಗಳಿಗೆ ಉಣಿಸುತ್ತೆ, ಎರಿ ಕಟ್ಟುತ್ತೆ. ಆಮೇಲೆಯೇ ಹೂವಿಗೆ ಹೋಗೋದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ವಿಟ್‌ಫೀಲ್ಡ್, ಜೀನ್ ರಾಬಿನ್ಸನ್ ಅವರ ತಂಡ 2003ರಲ್ಲಿ ಈ ಎರಡೂ ಬಗೆಯ ಜೇನಿನ ಮೆದುಳನ್ನು ಹೋಲಿಸಿ ನೋಡಿತು. ಅಳೆದದ್ದು ಸುಮಾರು 5,500 ಜೀನ್‌ಗಳನ್ನು, ಅವುಗಳಲ್ಲಿ ಶೇ. 39ರಷ್ಟು ಜೀನ್‌ಗಳ ಚಟುವಟಿಕೆ ಬೇರೆಯಾಗಿತ್ತು. ಜೀನ್‌ಗಳು ಅವೇ, ಯಾವುದು ಎಷ್ಟು ಚುರುಕು ಅನ್ನೋದು ಮಾತ್ರ ಬೇರೆ. ಈ ಚಟುವಟಿಕೆಯೊಂದನ್ನೇ ನೋಡಿ 60 ಜೇನುಗಳಲ್ಲಿ 57 ಏನು ಕೆಲಸ ಮಾಡುತ್ತಿದ್ದವು ಅಂತ ಸರಿಯಾಗಿ ಹೇಳಲು ಸಾಧ್ಯವಾಯಿತು.

ಇದು ಬರೀ ವಯಸ್ಸಿನ ಆಟ ಅಲ್ವಾ? ಅಲ್ಲ. ಎಳೆ ಜೇನುಗಳನ್ನಷ್ಟೇ ಸೇರಿಸಿ ಗೂಡು ಮಾಡಿದರೆ, ಅವುಗಳಲ್ಲೇ ಕೆಲವು ವಾರ, ಹತ್ತು ದಿನಕ್ಕೇ ಮೇವಿಗೆ ಹೊರಡುತ್ತವೆ. ಅವುಗಳ ಮೆದುಳಿನ ಜೀನ್ ಚಟುವಟಿಕೆ ವಯಸ್ಸಿಗಿಂತ ಕೆಲಸಕ್ಕೇ ಹೆಚ್ಚು ಹೊಂದುತ್ತೆ. ಮಾಮೂಲಿ ಗೂಡಿನಲ್ಲಿ ಎಳೆಯವನ್ನು ತಡೆದು ನಿಲ್ಲಿಸೋದು ದೊಡ್ಡವೇ. ಮೇವಿಗೆ ಹೋಗಿ ಬರುವ ಜೇನುಗಳಲ್ಲಿರುವ ಈಥೈಲ್ ಓಲಿಯೇಟ್ ಅನ್ನೋ ರಾಸಾಯನಿಕ ಎಳೆಯವಕ್ಕೆ ಬ್ರೇಕ್ ಇದ್ದ ಹಾಗೆ.

ಈಗ ಔಷಧಿ ಹೊಡೆದ ಹೊಲಕ್ಕೆ ವಾಪಸ್ ಬರೋಣ. ಅಲ್ಲಿ ಸತ್ತದ್ದು ಮೇವಿನ ಜೇನು. ಬ್ರೇಕ್ ಸಡಿಲವಾಯಿತು. ಗೂಡಿನಲ್ಲಿ ಮರಿ ಸಾಕಬೇಕಿದ್ದ ಜೇನು, ಮೈಯೂ ಮೆದುಳೂ ಪೂರ್ತಿ ಬಲಿಯುವ ಮೊದಲೇ ಹೊರಬಿತ್ತು. ಹೀಗೆ ಅವಸರದಲ್ಲಿ ಹೊರಟವು ಕಡಿಮೆ ಸಲ ಹೋಗಿಬಂದು ಬೇಗ ಸಾಯುತ್ತವೆ, ಗೂಡಿನ ಕುಸಿತ ಇನ್ನೂ ಜೋರಾಗುತ್ತೆ ಅಂತ ಆಸ್ಟ್ರೇಲಿಯಾದ ಆಂಡ್ರ್ಯೂ ಬ್ಯಾರನ್ ಅವರ ತಂಡ 2015ರಲ್ಲಿ ತೋರಿಸಿತು. ಅಂದರೆ ಸಾಲಿನಲ್ಲಿ ಸತ್ತದ್ದು ನೂರಾದರೂ ನಷ್ಟ ನೂರಕ್ಕೇ ನಿಲ್ಲೋದಿಲ್ಲ. ಒಳಗೆ ಮರಿ ಹಸಿದಿರುತ್ತೆ, ಅದು ನಮ್ಮ ಕಣ್ಣಿಗೆ ಬೀಳೋದಿಲ್ಲ.

ಇವು ಮೆಲ್ಲಿಫೆರಾ ಜೇನಿನ ಮೇಲಿನ ಪ್ರಯೋಗಗಳು, ನಿಜ. ಆದರೆ ನಮ್ಮ ತುಡುವೆಯಲ್ಲೂ ವಯಸ್ಸಿಗೆ ತಕ್ಕ ಕೆಲಸದ ಹಂಚಿಕೆ ಇದೆ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಆಕ್ಸೆಲ್ ಬ್ರಾಕ್‌ಮನ್ ಅವರ ತಂಡ ಮೇವಿಗೆ ಹೊರಟ ಜೇನಿನ ಮೆದುಳಲ್ಲಿ ಇಜಿಆರ್-1 ಅನ್ನೋ ಜೀನ್ ಚುರುಕಾಗೋದನ್ನು 2018ರಲ್ಲಿ ತೋರಿಸಿದೆ. ಹೆಜ್ಜೇನು, ತುಡುವೆ, ಕೋಲುಜೇನುಗಳ ಕುಣಿತವನ್ನೂ ಅದೇ ತಂಡ ಅಭ್ಯಾಸ ಮಾಡಿದೆ. ಈ ವಿದ್ಯೆ ನಮ್ಮಿಂದ ದೂರ ಏನಿಲ್ಲ.

ರೈತನ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಮಳೆ ನಂಬಿ ಸಾಲ ಮಾಡಿ ಹಾಕಿದ ಬೆಳೆಗೆ ಹುಳ ಬಿದ್ದರೆ ಯಾರೂ ಕೈಕಟ್ಟಿ ಕೂರೋದಿಲ್ಲ, ಕೂರಬೇಕು ಅಂತ ನಾವು ಹೇಳುತ್ತಲೂ ಇಲ್ಲ. ಆದರೆ ಸೂರ್ಯಕಾಂತಿಗೆ ಕಾಳು ಕಟ್ಟಬೇಕಾದರೂ, ಸೋರೆ, ಕುಂಬಳಕ್ಕೆ ಕಾಯಿ ನಿಲ್ಲಬೇಕಾದರೂ ಜೇನು ಬರಲೇಬೇಕು. ಹಾಗಾಗಿ ಹೂವಿದ್ದಾಗ ಹೊಡೆಯದಿರುವುದು ಮೊದಲ ಮಾತು. ಹೊಡೆಯಲೇಬೇಕಾದರೆ ಸಂಜೆ, ಜೇನು ಗೂಡು ಸೇರಿದ ಮೇಲೆ. ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ಜೇನಿಗೆ ಕಡು ವಿಷ. ಅದರ ಪ್ರಭಾವ ಒಂದು ರಾತ್ರಿಗೆ ಮುಗಿಯೋದೂ ಇಲ್ಲ.

ಹೆಸರಲ್ಲೇ ಜೇನಿರೋ ಊರು ಮಧುಗಿರಿ. ಔಷಧಿ ಡಬ್ಬಿಯ ಜೊತೆ ಬರುವ ಚೀಟಿಯ ಸಣ್ಣ ಅಕ್ಷರ ಓದೋಕೆ ನಮ್ಮ ಅಪ್ಪ, ಚಿಕ್ಕಪ್ಪಂದಿರಿಗೆ ಪುರುಸೊತ್ತೂ ಇಲ್ಲ, ಕಣ್ಣೂ ಸಾಲದು. ಈ ಸಲ ರಜೆಗೆ ಹೋದಾಗ ಆ ಚೀಟಿ ಬಿಡಿಸಿ ಓದಿ ಹೇಳೋದು ನಮ್ಮ ಕೆಲಸ.